ನಡುವಿನ ಧಾರಿ

ಜಮಖಂಡಿ ತಾಲೂಕಾಸ್ಪತ್ರಿ, ಲ್ಯಾಬಿನ ಕಿಡಕಿ.
ಟಿಕೀಟಿನ ಚೀಲದಿಂದ ಬಾಟ್ಲಿ ತಗದಳು ಕಂಡಕ್ಟರ್ ಕಸ್ತೂರೆವ್ವ,
ಹಳೇ ರೂಟ್‌ಶೀಟಿನಾಗ ಸುತ್ತಿದ್ದು;
ಕಳ್ಳಸಾಮಾನು ಕೊಟ್ಟಂಗ ಕೊಟ್ಟಳು.
"ಹೆಸರು ಸಣ್ಣಗ ಬರಿ ಅಕ್ಕಾ.
ಜೋರಲೆ ಕರೀಬ್ಯಾಡ."

ಬೆಳಕಿಗೆ ಹಿಡಿದೆ. ಕದಡಿತ್ತು,
ಅಂಬಲಿ ಮ್ಯಾಲಿನ ತಿಳಿಯಂಗ.
ಸೂಕ್ಷ್ಮದರ್ಶಕದಾಗ ಕೀವಿನ ಕಣಕ್ಕಿಂತ
ಚರ್ಮದ ಕಣವೇ ಹೆಚ್ಚು, ಹಾಸಿಗಲ್ಲಿನಂಗ ಹರವಿ.
ಇದು ನಡೆಯಾಂಗಿಲ್ಲ, ಅಂದೆ.
ಇದರಾಗ ರೋಗ ಯಾವುದು, ಅವಸರ ಯಾವುದು
ನನಗ ತಿಳಿಯಾಂಗಿಲ್ಲ.

ತೊಳಕೋ. ಮೊದಲಿಂದು ಬಿಡು. ಕಡೇದೂ ಬ್ಯಾಡ.
ನಡುವಿನ ಧಾರಿ ಹಿಡಿ.
ಅಕಿ ನಕ್ಕಳು:
"ಧಾರಿ ಅಂತೀಯಲ್ಲಕ್ಕಾ,
ಬರೂದು ನಾಕು ಹನಿ. ನಾಕೂ ಮೆಣಸಿನಕಾಯಿ."

ಪಾಯಖಾನಿ ಚಿಲಕ ಮುರದು ಎಂಟು ತಿಂಗಳಾತು.
ಹೊರಗ ನಿಂತು ಬಾಗಿಲಾ ನಾನ ಹಿಡಿದೆ.
ಒಳಗಿಂದ ಮಾತಾಡತಿದ್ದಳು, ಗ್ವಾಡಿಗೆ ಹೇಳಿದಂಗ:
ಮುಂಜಾನೆ ಐದೂವರಿಗೆ ಅರ್ಧ ಕಪ್ಪು ಚಾ,
ಆಮ್ಯಾಲ ನೀರು ಮುಟ್ಟಾಂಗಿಲ್ಲ.
ಡ್ರೈವರ್ ಬೇವಿನ ಗಿಡದ ಮರೆಗೆ ಹೋಗಿ ಬರತಾನ,
ತಡಾ ಆದರ ಸೀಟಿ ಹೊಡೆದು ಕರೆಯಾಕಿ ನಾನ.
ಸಾವಳಗಿ, ಟಿಕೋಟಾ, ವಿಜಯಪುರ, ಮತ್ತ ತಿರಗಿ.
ಕೃಷ್ಣಾ ದಾಟೂವಾಗ ಟಿಕೀಟು ಎಣಿಸಿಕೋತ ಕೂಡತೀನಿ;
ಅಷ್ಟು ನೀರು ಕಣ್ಣಿಗೆ ಬಿದ್ದರ
ತಡಕೊಳ್ಳಾಕ ಆಗೂದಿಲ್ಲ.

ಪಟ್ಟಿ ಅದ್ದಿದೆ. ಎರಡು ನಿಮಿಷ.
ಒಂದು ಚೌಕ ಗುಲಾಬಿಗೆ ತಿರುಗಿತು,
ಮಗ್ಗಲದ್ದು ನೇರಳೆಗೆ.
ಅಕಿ ಇಣುಕಿ ನೋಡಿ, "ಛಲೋ ಖಣದ ಬಣ್ಣ ಅದಾವ."
ಗುಳಿಗಿ ಇವತ್ತ ಶುರು, ಅಂದೆ.
ಆದರ ಯಾವ ಗುಳಿಗಿಗೆ ಈ ಹುಳ ಬಗ್ಗತಾವ ಅನ್ನೂದಕ್ಕ
ಎರಡು ದಿನ ಬೇಕು. ಬಿತ್ತಿ ನೋಡಬೇಕು.
"ಏನು, ಬಿತ್ತತೀರಿ?"
ಹೂಂ. ಸಣ್ಣ ಗಾಜಿನ ತಾಟಿನಾಗ.
"ಅದಕ್ಕರೆ ನೀರು ಹಾಕತೀರೇನು?"

ಮೂರನೇ ದಿನ ಫೋನು ಹಚ್ಚಿದೆ. ಬಸ್ಸಿನ ಗದ್ದಲ.
"ಪಾರ್ಸಲ್ ಬಂತೇನ್ರಿ?" ಅಂದಳು, ಮಂದಿ ಕೇಳಬಾರದಂತ.
ಬಂತು. ಡಾಕ್ಟರು ಗುಳಿಗಿ ಬದಲಿ ಮಾಡ್ಯಾರ, ಸಂಜೀಕ ಬಂದು ಒಯ್ಯಿ.
ನೀರು ಕುಡಿ. ತಡಕೋಬ್ಯಾಡ.
"ಹಂಗಾರ ಪಾರ್ಸಲ್ ಇಳಸೂದೆಲ್ಲಿ?"

ನನ್ನ ಕಡೆ ಉತ್ತರ ಇರಲಿಲ್ಲ.
ಅಕಿ ಫೋನು ಇಡಲೂ ಇಲ್ಲ.
ಯಾರೋ ಚಿಲ್ಲರಿ ಕೇಳಿದರು, ಒಂದು ಕೂಸು ಅತ್ತಿತು,
ಆಮ್ಯಾಲ ಒಂದು ಸೀಟಿ. ಬ್ರೇಕು.
ಡ್ರೈವರನ ದನಿ: ಇಲ್ಲೆಲ್ಲಿ ಸ್ಟಾಪು? ಯಾರು ಇಳಿಯವ್ರು?

"ನಾನ."