ನಲವತ್ತೊಂದರಾಗ ಒಂದು ಕಮ್ಮಿ

ನಂದು ಚೀಟಿ ಬರಿಯೂ ಕೆಲಸ.
ಅಕ್ಕಲಕೋಟಿ ಕಾಲೇಜಿನ ಪ್ರಾಣಿಶಾಸ್ತ್ರದ ಖೋಲಿ,
ಡಾಂಬರಗುಳಿಗಿ ವಾಸನಿ, ಕಪಾಟಿಗೆ ಕೀಲಿಲ್ಲ.
ಎಳ್ಳಿನಷ್ಟು ಅಕ್ಷರ, ನಿಬ್ಬು ನನ್ನದೇ:
ಊರು, ತಾರೀಖು, ಯಾವುದರ ಹೆಂಡಿ, ಹಿಡದವರು ಯಾರು.
ಪಗಾರ ಮರಾಠ್ಯಾಗ ಬರತದ,
ಹುಳದ ಹೆಸರು ಲ್ಯಾಟಿನ್‌ದಾಗ ಹೋಗತದ,
ಎಣಸೂದು ಮಾತ್ರ ಕನ್ನಡದಾಗ.

ಮೈಂದರ್ಗಿ ಆಚೆ, ಮಾಳಿಂಗ ಕುರಿ ತರಬೂ ಬದುವಿಗೆ
ಪ್ಲಾಸ್ಟಿಕ್ ಗಿಲಾಸು ಹೂಳತೀವಿ, ಬಾಯಿ ನೆಲದ ಸಮ.
ಮ್ಯಾಲ ತೆಳ್ಳನ ಅರಿವ್ಯಾಗ ಕಟ್ಟಿದ ಬಿಸಿ ಹೆಂಡಿ ತೂಗತದ.
"ಪೆಟ್ರೋಲ್ ಸುಟ್ಟು ಹೆಂಡಿಹುಳ ಹಿಡ್ಯಾಕ ಬರತೀರೇನ್ರಿ"
ಅಂತ ನಗತಾನ ಮಾಳಿಂಗ.
ಆದರ ಕುರಿಗೆ ಗಿಲಾಸು ತುಳೀಗೊಡಾಂಗಿಲ್ಲ.
ನಸಿಕಿನ್ಯಾಗ ಬಗ್ಗಿ ನೋಡಿದರ
ಕರೇವು, ತಾಮ್ರದ ಬಣ್ಣದವು,
ಸಾಸಿವಿಯಂಥವು, ಹುಣಸಿಬೀಜದಂಥವು.
ಹತ್ತು ವರ್ಷಕ್ಕ ನಲವತ್ತೊಂದು ಜಾತಿ.
"ಜಾತಿ ಅನಬ್ಯಾಡ, ಮಂದಿ ಬ್ಯಾರೆ ತಿಳೀತಾರ,
ಪ್ರಭೇದ ಅನ್ನು" ಅಂತಾರ ಮುಜಾವರ ಮೇಡಂ.
ನಾ ಜಾತಿ ಅಂತೀನಿ.

ಹದಿನೇಳನೇದಕ್ಕ ನೆತ್ತಿ ಮ್ಯಾಲ ಎರಡು ಕೊಂಬು, ಹಿಂದಕ್ಕ ಬಾಗಿದ್ದು.
ಹದಿನೆಂಟನೇದಕ್ಕ ಕೊಂಬಿಲ್ಲ, ಹಣಿಗೆ ಬರೇ ಒಂದು ಏಣು.
ನೂರು ವರ್ಷದ ಹಿಂದ ಯಾವನೋ ಸಾಹೇಬ
ಈ ನೆಲ ತುಳೀದೇ, ಅಂಚೆದಾಗ ಬಂದ ಡಬ್ಬಿ ತೆರೆದು
ಕೊಂಬಿಲ್ಲದ್ದಕ್ಕ ಒಂದು ಹೆಸರಿಟ್ಟ,
ಎರಡು ವರ್ಷ ಬಿಟ್ಟು ಕೊಂಬಿಂದಕ್ಕ ಇನ್ನೊಂದು.
ನಾವೂ ಎರಡು ಖಾನೆ ಮಾಡಿದಿವಿ,
ನಡುವ ರಟ್ಟಿನ ಗ್ವಾಡಿ.

ಶ್ರಾವಣದಾಗ ಎರಡು ಗಾಜಿನ ನಡುವ
ಬೋರಿ ಹೊಳಿ ಮಣ್ಣು ತುಂಬಿ, ಎಮ್ಮಿ ಹೆಂಡಿ ಇಟ್ಟು,
ಎರಡೂ ಥರದವನ್ನ ಜೀವಂತ ಬಿಟ್ಟು
"ಗುರುಶಾಂತ, ರಾತ್ರಿ ಇದರ ಮುಂದ ಕುಂದರ್ತಿ ಏನಪಾ" ಅಂದರು.
ಕುಂತೆ, ಬ್ಯಾಟರಿಗೆ ಕೆಂಪು ಕಾಗದ ಸುತ್ತಿ.
ಕೊಂಬಿಲ್ಲದ್ದು ಅಗದಿತು, ಗೇಣು ಆಳ.
ಕೊಂಬಿಂದು ಬಾಗಲಾಗ ನಿಂತಿತು,
ಹೊರಗಿಂದ ಬಂದ ಇನ್ನೊಂದು ಕೊಂಬಿಂದನ್ನ ನೂಕಿತು,
ಹೆಂಡಿ ತುಂಡು ಜಗ್ಗಿ ಕೆಳಗ ಇಳಸ್ತು.
ಎರಡೂವರಿಗೆ ಚಹಾ ಕುಡದು ಬಂದರ
ಒಂದರ ಬೆನ್ನ ಮ್ಯಾಲ ಒಂದು.
ಲಗೂನ ದೀಪ ಆರಿಸಿದೆ.
"ಯಾಕ ಆರಿಸಿದಿ, ಹೊತ್ತು ಬರಕೋಬೇಕಿತ್ತಲ್ಲ" ಅಂತ ಮೇಡಂ ಕೇಳಿದರ
ನನ್ನ ಹಂತ್ಯಾಕ ಉತ್ತರ ಇರಲಿಲ್ಲ.

ಆಮ್ಯಾಲ ಕಪಾಟಿನವನ್ನ ಒಂದೊಂದೇ ಕೊಯ್ದು ನೋಡಿದರು.
ಹದಿನೇಳರಾಗಿನವು ಎಲ್ಲಾ ಗಂಡು.
ಹದಿನೆಂಟರಾಗಿನವು ಎಲ್ಲಾ ಹೆಣ್ಣು.
ಹತ್ತು ವರ್ಷ ಗಂಡ-ಹೆಂಡತೀನ ಅಗಲಿಸಿ ಇಟ್ಟಿದ್ದೆ ನಾನು,
ಎಷ್ಟು ಚಂದ ಅಕ್ಷರದಾಗ.

ಕಾಯ್ದೆ ಹಿಂಗದ: ಮೊದಲು ಅಚ್ಚಾದ ಹೆಸರು ಉಳೀಬೇಕು.
ಹೆಣ್ಣಿಂದೇ ಮೊದಲು.
ಗಂಡ ಅಕೀ ಹೆಸರಿಗೆ ಬಂದ, ಕೊಂಬು ಸಮೇತ.
ಲಿಸ್ಟು ಮುಂಬೈಗೆ ಹೋಗಿ ಆಗಿತ್ತು,
ರೊಕ್ಕ ಕೊಡವರಿಗೆ ಏರೂ ಸಂಖ್ಯಾ ಬೇಕು.
ಮೇಡಂ ಗೀಟು ಎಳದರು, ನಲವತ್ತು ಅಂತ ಬರದರು,
ನಕ್ಕೋತ ಪೇಢೆ ತರಿಸಿದರು.

ಇನ್ನೊಂದು ಕಮ್ಮಿ ಅದ, ಅದಕ್ಕ ಪೇಢೆ ಇಲ್ಲ.
ಒಂಬತ್ತನೇದು, ಹೆಬ್ಬೆರಳಿನಷ್ಟು ದಪ್ಪಂದು,
ಹಾರಿದರ ಟ್ರಕ್ ಬಂದಂಗ ಸಪ್ಪಳ.
ನಾಕು ಮಳಿಗಾಲ ಆತು, ಗಿಲಾಸಿಗೆ ಬಿದ್ದಿಲ್ಲ.
ಅದರ ಮ್ಯಾಲ ಗೀಟು ಎಳಿಯಾಕ
ಅವರಿಗೂ ಕೈ ಬರವಲ್ದು, ನನಗೂ.
ಎಣಸಬೇಕಾದರ ಎಂಟರಿಂದ ಹತ್ತಕ್ಕ ಹೋಗೂಮುಂದ
ನಾಲಿಗಿ ಒಂದು ಕ್ಷಣ ನಿಂತು ಹೋಗತದ.

ಹಳೇ ಚೀಟಿ ಕೀಳೂಹಂಗಿಲ್ಲ.
ತಪ್ಪಿದ್ದರೂ ಸೂಜ್ಯಾಗ ಇರಬೇಕು,
ಅದರ ಕೆಳಗ ಹೊಸದು ಚುಚ್ಚಬೇಕು.
ಈಗ ಆ ಗಂಡುಹುಳದ ಕೆಳಗ ಮೂರು ಚೀಟಿ.
ಮೊದಲನೇದರಾಗಿನ ಅಕ್ಷರ ನೋಡಿದರ
ಆಗ ನನಗ ಚಷ್ಮಾ ಬಂದಿರಲಿಲ್ಲ ಅಂತ ಗೊತ್ತಾಗತದ.
ರಟ್ಟಿನ ಗ್ವಾಡಿ ತಗದೀನಿ.
ಖಾಲಿ ಖಾನೆದ ಥರ್ಮಾಕೋಲಿನ್ಯಾಗ ಸಣ್ಣ ಸಣ್ಣ ತೂತು.

ನಾಳೆ ಬೋರಾಮಣಿ ಕಡೆ ಹೋಗೂದದ.
ಆರು ಗಿಲಾಸು, ಅರಿವಿ, ಸುತಳಿ.
ಬಿಸಿ ಹೆಂಡಿ ಬೇಕು, ಎಮ್ಮಿದೇ ಆಗಬೇಕು.
ಓಣ್ಯಾಗ ಯಾರ ಮನಿಗೆ ಎಮ್ಮಿ ಉಳದದ
ಕೇಳಿಕೊಂಡು ಬರಬೇಕು.