ಮತ್ತೆ ಪ್ರಯತ್ನಿಸಿ

ಸಂಜೆ ಐದೂಮುಕ್ಕಾಲು. ಕಡೂರು ಪುರಸಭೆಯ ಬಾಗಿಲ ಬಳಿ
ಗೋಡೆಗೆ ಅಂಟಿದ ಆ ಪುಟ್ಟ ಯಂತ್ರ
ನನ್ನ ಹೆಬ್ಬೆರಳನ್ನು ಮೂಸಿ, ಕೆಂಪಗಾಗಿ,
'ಮತ್ತೆ ಪ್ರಯತ್ನಿಸಿ' ಎನ್ನುತ್ತದೆ.

ಪ್ರಯತ್ನಿಸುತ್ತೇನೆ. ಬೇರೇನು ಮಾಡಿದ್ದೇನೆ
ಹತ್ತೊಂಬತ್ತು ವರ್ಷ?

ಮೊದಲು ಜನನ ಮರಣ ಮಾತ್ರ ನನ್ನದಾಗಿತ್ತು.
ಇನಾಯತ್ ಸಾಹೇಬರು ಬಿ.ಪಿ. ಏರಿ ರಜೆ ಹೋದರು,
ಕಂದಾಯ ನನ್ನ ಮೇಜಿಗೆ ಬಂತು.
ನಾಗವೇಣಿ ವರ್ಗವಾದಳು, ನೀರಿನ ಬಿಲ್ಲು ಬಂತು.
ಬೀದಿನಾಯಿ ದೂರಿನ ರಿಜಿಸ್ಟರು
ಯಾರದೆಂದು ಯಾರಿಗೂ ತಿಳಿಯದೆ
ತಾನೇ ನಡೆದುಕೊಂಡು ಬಂತು.
ಆದೇಶದಲ್ಲಿ ಇದ್ದದ್ದಿಷ್ಟು: ಹೆಚ್ಚುವರಿ ಪ್ರಭಾರ, ಮುಂದಿನ ಆದೇಶದವರೆಗೆ.
ಆ ಪದದ ಹೊಟ್ಟೆಯಲ್ಲೇ ಭಾರ ಕೂತದ್ದು
ಟೈಪು ಮಾಡಿದವಳು ನಾನೇ ಆದರೂ ಕಾಣಲಿಲ್ಲ.
ಮುಂದಿನ ಆದೇಶ ಬರಲಿಲ್ಲ.

ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ ಇದು.
ಭಾನುವಾರ ಮಧ್ಯಾಹ್ನ ಮಲಗಿದರೂ
ಸರ್ವರಿನ ಆ ಚಕ್ರ ರೆಪ್ಪೆಯೊಳಗೆ ಸುತ್ತುತ್ತಿರುತ್ತದೆ.
ಸಾರಿಗೆ ಉಪ್ಪು ಹಾಕಿದೆಯಾ ಎಂದು ಗಂಡ ಕೇಳಿದರೆ
'ಅರ್ಜಿ ಕೊಡಿ' ಅಂದುಬಿಟ್ಟೆ ಒಮ್ಮೆ.
ಮನೆಯವರೆಲ್ಲ ನಕ್ಕರು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ.

ಇವತ್ತು ಬೆಳಿಗ್ಗೆ ಸೀತಿಬಾಯಿಗೆ ಬೈದೆ.
ನಾಲ್ಕನೆಯ ಸಲ ಬಂದಿದ್ದಳು.
ಗಂಡ ಲೋಕ್ಯಾ ನಾಯ್ಕ, ಕಲ್ಲು ಒಡೆಯುವವನು,
ಸರ್ಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡ.
ನನ್ನ ಬೆರಳು ಯಾವ ಜೊಂಪಿನಲ್ಲಿತ್ತೋ,
ಮರಣಪತ್ರದಲ್ಲಿ 'ಲೋಕನಾಯಕ' ಎಂದು ಹೊಡೆದಿತ್ತು.
ಬದುಕಿದ್ದಷ್ಟು ದಿನ ಯಾರೂ ಕೊಡದ ಪದವಿಯನ್ನು
ಸತ್ತ ಮೇಲೆ ನಾನು ಕೊಟ್ಟೆ, ಮೊಹರು ಸಮೇತ.
ಆದರೆ ಲೋಕನಾಯಕನ ಹೆಂಡತಿಗೆ ವಿಧವಾ ವೇತನ ಹುಟ್ಟುವುದಿಲ್ಲ;
ಆಧಾರಿನಲ್ಲಿ ಆಕೆ ಲೋಕ್ಯಾನ ಹೆಂಡತಿ.

ತಪ್ಪು ನನ್ನದು. ಬೈದದ್ದೂ ನಾನೇ.
'ಎಷ್ಟು ಸಲ ಹೇಳ್ಬೇಕು, ತಿದ್ದುಪಡಿಗೆ ಅಫಿಡವಿಟ್ ಬೇಕು' ಎಂದು,
ಸಾಲಿನ ಕೊನೆಯವನಿಗೂ ಕೇಳುವಂತೆ.
ನನ್ನ ಗಂಟಲಿಂದ ಬಂದದ್ದು ನನ್ನ ದನಿಯಲ್ಲ.
ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹೆದರಿ ನಡುಗುತ್ತಿದ್ದ
ಆ ಹೆಡ್ ಕ್ಲರ್ಕಿನದು.
ಗೋಡೆಯ ಮೇಲೆ 'ಸಕಾಲ' ಬೋರ್ಡು;
ಎಷ್ಟು ದಿನ ಎಂಬ ಜಾಗದಲ್ಲಿ ಬಣ್ಣ ಉದುರಿದೆ.

ಆಕೆ ಏನೂ ಅನ್ನಲಿಲ್ಲ. ಕಂಬಕ್ಕೊರಗಿ ಕೂತಳು, ಸಂಜೆವರೆಗೆ.
ಎರಡು ಬಾರಿ ಎದ್ದು ನೀರು ಕುಡಿದದ್ದನ್ನು
ನೋಡದವಳಂತೆ ನೋಡಿದೆ.

ಈಗ ಮೂರನೆಯ ಸಲ. ಮತ್ತೆ ಪ್ರಯತ್ನಿಸಿ.
ನೀರುಗಂಟಿ ಕಲ್ಮರುಡಪ್ಪ ಹಿಂದೆ ನಿಂತು ಅನ್ನುತ್ತಾನೆ:
'ಕಾಗದ ತಿರುವಿ ತಿರುವಿ ನಿಮ್ಮ ಗೆರೆಯೆಲ್ಲ ಸವೆದೋಗಿದಾವೆ ಮೇಡಂ.'
ನೋಡಿಕೊಂಡೆ. ನಿಜ.
ಕಚೇರಿಯ ಮೆಟ್ಟಿಲಂಚಿನ ಹಾಗೆ ನುಣುಪು.
ಇಷ್ಟು ವರ್ಷ ನಾನಿಲ್ಲಿಗೆ ಬಂದಿದ್ದೆ ಎನ್ನಲು
ನನ್ನ ಕೈಯಲ್ಲೇ ಸಾಕ್ಷಿಯಿಲ್ಲ.

'ಇಲ್ ತಾರವ್ವ.'
ಸೀತಿಬಾಯಿ. ಕೇಳದೆ ನನ್ನ ಕೈ ಹಿಡಿದು
ನನ್ನದೇ ಬೈತಲೆಗೆ ಹೆಬ್ಬೆರಳನ್ನು ಎರಡು ಸಲ ಉಜ್ಜಿದಳು,
ಮಗುವಿನ ನೆತ್ತಿಗೆ ಎಣ್ಣೆ ಒತ್ತುವ ಹಾಗೆ.
'ರೇಷನ್ ಅಂಗ್ಡೀಲಿ ನಂದೂ ಹಿಡಿಯಾಕಿಲ್ಲ. ಕಲ್ಲು ಹೊತ್ತ ಕೈ.
ಜಿಡ್ಡು ಹತ್ತಿದ್ರೆ ಹಿಡೀತೈತೆ. ಒತ್ತು ಈಗ.'

ಒತ್ತಿದೆ. ಹಸಿರು.
ಯಂತ್ರದೊಳಗಿನ ಹೆಂಗಸು 'ಧನ್ಯವಾದ' ಅಂದಳು.
ನಾನೂ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ
ಬೀರೂರು ಬಸ್ಸಿಗೆ ಹೊತ್ತಾಯಿತೆಂದು ಆಕೆ ಮೆಟ್ಟಿಲಿಳಿದಾಗಿತ್ತು,
ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದ ಕಂಕುಳಲ್ಲಿ.

ಯಂತ್ರದ ಲೆಕ್ಕದಲ್ಲಿ ನಾನು ಮನೆಗೆ ಹೋಗಿಯಾಗಿದೆ.
ತಿರುಗಿ ಒಳಗೆ ಬಂದು ಲೈಟು ಹಾಕಿದೆ.
ಅಫಿಡವಿಟ್ ಇಲ್ಲ, ಗೊತ್ತು.
ಸರ್ವರ್ ಸುತ್ತುತ್ತಿದೆ.
ಪರದೆಯ ಮೇಲೆ ಲೋಕನಾಯಕ ಕೂತಿದ್ದಾನೆ,
ಅವನಿಗೆ ಯಾವ ಆತುರವೂ ಇಲ್ಲ.
ಅಳಿಸುವ ಕೀಲಿಯ ಮೇಲೆ ನನ್ನ ಬೆರಳು,
ಇನ್ನೂ ಜಿಡ್ಡು ಜಿಡ್ಡು.