ತಾಮ್ರದ ಗುಂಡಿಗಳು

ಬಳ್ಳಾರಿ ಕೌಲ್ ಬಜಾರಿನ ಜೀನ್ಸ್ ಶೆಡ್ಡಿನಲ್ಲಿ
ಗುಂಡಿ ಹೊಡೆಯುವ ದಾದಾಪೀರ್
ಸೋತ ರೇಸಿಗೊಂದು ತಾಮ್ರದ ಗುಂಡಿ
ಟೀ ಲೋಟಕ್ಕೆ ಹಾಕುತ್ತಾನೆ.
ಗೆದ್ದ ದಿನ ಲೋಟ ಬೋರಲು.

"ಅಕ್ಕಾ, ನೀ ಲೆಕ್ಕ ಬರಿಯಾಕಿ, ಹೇಳು:
ಒಂದೇ ಸಮ ಎಷ್ಟು ಸೋಲ್ತಾನ ಮನುಷ್ಯಾ?"

ಅವನ ಎರಡು ವರ್ಷದ ಡೈರಿ ತಿರುವಿದೆ.
ಸಾವಿರ ಪಂದ್ಯ, ನಾಲ್ಕಕ್ಕೊಂದು ಗೆಲುವು.
ಹಳೇ ಚಲನ್ನಿನ ಬೆನ್ನಿಗೆ
ಮುಕ್ಕಾಲನ್ನು ಮುಕ್ಕಾಲಿನಿಂದ ಗುಣಿಸುತ್ತಾ ಹೋದೆ
ಸಾವಿರದಲ್ಲೊಂದು ಪಾಲಾಗಿ ಸವೆಯುವ ತನಕ.
ಇಪ್ಪತ್ತನಾಲ್ಕು ಸಲ.

ಅವನು ಲೋಟ ಸುರಿದು ಎಣಿಸಿದ. ಹತ್ತೊಂಬತ್ತು.
"ಹಂಗಾರ ಇನ್ನೈದೇ!"
ಬೋನಸ್ಸು ಬಂದವನ ಮುಖ.

ಅದು ಅಂದಾಜು ಕಣೋ, ಗಡಿಗಲ್ಲಲ್ಲ ಅಂದೆ.
ಕುದುರೆಗೆ ನಿನ್ನ ಲೋಟ ಕಾಣೋದಿಲ್ಲ ಅಂದೆ.
ವಾಷಿಂಗ್ ಡ್ರಮ್ಮು ಗುಡುಗುತ್ತಿತ್ತು,
ನೀಲಿ ನೀರು ಮೋರಿಗೆ ಹರಿಯುತ್ತಿತ್ತು,
ಕೇಳಿಸಿತೋ ಇಲ್ಲವೋ.

ಇವತ್ತು ಶನಿವಾರ. ಲೋಟದಲ್ಲಿ ಇಪ್ಪತ್ತಾರು.
ಮೂರು ದಿನದಿಂದ ಮಾತಿಲ್ಲ ಅವನು,
ಓಡದೇ ನಿಂತ ಕುದುರೆ ನಾನೇ ಎಂಬಂತೆ.

ಊಟದ ಹೊತ್ತಿಗೆ, ಯಾರೂ ಇಲ್ಲದಾಗ,
ಲೋಟದಿಂದ ಎರಡು ಗುಂಡಿ ತೆಗೆದು
ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.
ಅವನಿಗೋಸ್ಕರವೋ, ಲೆಕ್ಕಕ್ಕೋಸ್ಕರವೋ,
ಕೇಳಬೇಡಿ.
ಬೆಚ್ಚಗಿದ್ದವು ಎರಡೂ.